ಮುಚ್ಚಿದ ಕೋಷ್ಠದ ಗಾಳಿ

ಸಂಕೇಶ್ವರದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹಗೇವುಗಳು ಈಗ ಅಪರೂಪವಾಗಿವೆ. ನಮ್ಮ ಬಾಲ್ಯದಲ್ಲಿ ಹಳೆಯ ಮನೆಗಳ ಮುಂದೆ ಒಂದೆರಡು ಇನ್ನೂ ಬಳಕೆಯಲ್ಲಿದ್ದವು. ನೆಲವನ್ನು ಆಳವಾಗಿ ಅಗೆದು, ಒಳಮೈಗೆ ಕಣಿಕೆಯನ್ನೂ ಹುಲ್ಲನ್ನೂ ಒತ್ತಿ, ನಡುವೆ ಜೋಳ ತುಂಬಿ, ಕಿರಿದಾದ ಬಾಯಿಗೆ ಹಾಸುಗಲ್ಲು ಮುಚ್ಚಿ ಮೇಲೆ ಮಣ್ಣು ಮೆತ್ತಿಬಿಟ್ಟರೆ ಕಾಳು ಬಹುಕಾಲ ಹುಳು ಹಿಡಿಯದೆ ಉಳಿಯುತ್ತಿದ್ದಿತು. ಹಗೇವನ್ನು ತೆರೆದ ದಿನ ಮಾತ್ರ ಯಾರೂ ಅದರೊಳಗೆ ಇಳಿಯುತ್ತಿರಲಿಲ್ಲ. ಬಾಯಿಯನ್ನು ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಅನಂತರ ಕಂದೀಲಿಗೆ ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದರು. ಕಂದೀಲು ನಂದಿತೆಂದರೆ ಮತ್ತೆ ಮರುದಿನದ ಮಾತು. “ದೀಪಾ ಉಳದ್ರ ಮನಶ್ಯಾ ಉಳೀತಾನ, ತಮ್ಮಾ” ಎಂದು ನಮ್ಮ ಮುತ್ಯಾ ಹೇಳುತ್ತಿದ್ದ ಮಾತು ಇನ್ನೂ ಕಿವಿಯಲ್ಲಿದೆ.

ಆ ಮಾತನ್ನು ಅಲಕ್ಷಿಸಿದ ಮನೆಯೊಂದು ನೆರೆಯ ಹಳ್ಳಿಯಲ್ಲಿದ್ದಿತು. ಅವಸರದಲ್ಲಿ ಇಳಿದ ಅಣ್ಣನು ಮೇಲೆ ಬರಲಿಲ್ಲ. ಅವನನ್ನು ಎತ್ತಿ ತರುತ್ತೇನೆಂದು ಇಳಿದ ತಮ್ಮನೂ ಬರಲಿಲ್ಲ. ಆಗ ನಾವು ಏಳನೆಯ ತರಗತಿಯಲ್ಲಿದ್ದೆವು. ಹಗೇವಿನಲ್ಲಿ ಭೂತವಿದೆಯೆಂದು ಹಳ್ಳಿಯ ಕೆಲವರು ಆಡಿಕೊಂಡರು. ಭೂತವೇನೂ ಇರಲಿಲ್ಲ. ಜೋಳದ ಕಾಳು ಜೀವಂತ ವಸ್ತು, ಅದೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಅದು ತಿಂಗಳುಗಟ್ಟಲೆ ಆಮ್ಲಜನಕವನ್ನು ಹೀರಿ, ಅಷ್ಟೇ ಗಾತ್ರದ ಇಂಗಾಲಾಮ್ಲ ವಾಯುವನ್ನು (ಇಂದಿನ ಪಠ್ಯಗಳು ಇದನ್ನೇ ಇಂಗಾಲದ ಡೈಆಕ್ಸೈಡ್ ಎನ್ನುತ್ತವೆ) ಬಿಟ್ಟಿರುತ್ತದೆ. ಈ ವಾಯು ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ, ಬಾಯಿ ತೆರೆದರೂ ತಳದಲ್ಲಿಯೇ ನಿಂತಿರುತ್ತದೆ. ಹುಳುವನ್ನು ಕೊಂದು ಕಾಳನ್ನು ಕಾಪಾಡಿದ ಗಾಳಿಯೇ ಇಳಿದ ಮನುಷ್ಯನನ್ನೂ ಕೊಂದಿತು.

ಈ ಸಂಗತಿ ನಮಗೆ ನೆನಪಾದುದು ಕಳೆದ ವರ್ಷ ತರಗತಿಯಲ್ಲಿ. ಗಗನಯಾನ ಯೋಜನೆಯ ವಿಷಯ ಬಂದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ಮೂರು ಮಂದಿ ಮೂರು ದಿನ ಇರೂದಕ್ಕ ಇಷ್ಟೆಲ್ಲಾ ಪರೀಕ್ಷೆ ಯಾಕ್ರಿ? ಆಕ್ಸಿಜನ್ ಸಿಲಿಂಡರ್ ಒಯ್ದರ ಆತಲ್ರಿ?” ಎಂದು ಕೇಳಿದಳು. ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಅಂದು ಗಂಟೆ ಬಾರಿಸಿತು. ಉತ್ತರ ಅರ್ಧಕ್ಕೆ ನಿಂತಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಲೆಕ್ಕವನ್ನೇ ನೋಡೋಣ. ಸಾಧಾರಣ ಕೆಲಸದಲ್ಲಿರುವ ಮನುಷ್ಯನೊಬ್ಬನು ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕವನ್ನು ಬಳಸಿ, ಹೆಚ್ಚುಕಡಿಮೆ 1 ಕಿಲೋಗ್ರಾಂ ಇಂಗಾಲಾಮ್ಲವನ್ನು ಹೊರಬಿಡುತ್ತಾನೆ. ಗಾತ್ರದಲ್ಲಿ ಹೇಳುವುದಾದರೆ ಗಂಟೆಗೆ ಸುಮಾರು 27 ಲೀಟರ್ ಒಳಕ್ಕೆ, 23 ಲೀಟರ್ ಹೊರಕ್ಕೆ. ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರ್ ಇರುವ ಕೋಣೆಯೊಂದನ್ನು ತೆಗೆದುಕೊಂಡು, ಕಿಟಕಿ ಬಾಗಿಲುಗಳ ಸಂದುಗಳನ್ನೆಲ್ಲ ಮುಚ್ಚಿ, ಮೂವರನ್ನು ಒಳಗೆ ಕೂಡಿಸೋಣ. ಕೋಣೆಯಲ್ಲಿರುವ ಗಾಳಿ 27,000 ಲೀಟರ್. ಮೂವರೂ ಸೇರಿ ಗಂಟೆಗೆ ಸುಮಾರು 70 ಲೀಟರ್ ಇಂಗಾಲಾಮ್ಲವನ್ನು ಬಿಟ್ಟರೆ, ನಾಲ್ಕು ಗಂಟೆಗಳಲ್ಲಿ ಅದರ ಪ್ರಮಾಣ ಶೇಕಡಾ 1ಕ್ಕೆ ಏರುತ್ತದೆ. ಹೊರಗಿನ ಗಾಳಿಯಲ್ಲಿ ಅದು ಇರುವುದು ಶೇಕಡಾ 0.04ರಷ್ಟು ಎಂಬುದನ್ನು ಮರೆಯಬಾರದು. ಇಪ್ಪತ್ತು ಗಂಟೆಗಳಲ್ಲಿ ಅದು ಶೇಕಡಾ 5ನ್ನು ಮುಟ್ಟುತ್ತದೆ. ಆ ಹೊತ್ತಿಗೆ ಮೂವರೂ ತಲೆನೋವಿನಿಂದ ನರಳುತ್ತ, ಓಡಿಬಂದವರಂತೆ ಏದುಸಿರು ಬಿಡುತ್ತಿರುತ್ತಾರೆ. ಶೇಕಡಾ 10ರ ಸಮೀಪದಲ್ಲಿ ಎಚ್ಚರ ತಪ್ಪುತ್ತದೆ.

ಇಪ್ಪತ್ತನೆಯ ಗಂಟೆಯಲ್ಲಿ ಆಮ್ಲಜನಕ ಎಷ್ಟಿರುತ್ತದೆ? ಶೇಕಡಾ 21ರಿಂದ ಸುಮಾರು 15ಕ್ಕೆ ಇಳಿದಿರುತ್ತದೆ. ಅದು ಒಳ್ಳೆಯದಲ್ಲ, ಆದರೆ ಅಷ್ಟರಿಂದಲೇ ಮನುಷ್ಯನು ಸಾಯುವುದಿಲ್ಲ. ಎಂದಮೇಲೆ ಮುಚ್ಚಿದ ಕೋಣೆಯಲ್ಲಿ ಮೊದಲು ಮೇಲೆ ಬೀಳುವ ಶತ್ರು ಆಮ್ಲಜನಕದ ಕೊರತೆಯಲ್ಲ, ನಮ್ಮದೇ ನಿಃಶ್ವಾಸ. ಸಿಲಿಂಡರುಗಳನ್ನು ಎಷ್ಟು ಒಯ್ದರೂ ಈ ಕಷ್ಟ ತೀರುವುದಿಲ್ಲ. ನೌಕೆಯ ಕೋಣೆ ನಾವು ಕಲ್ಪಿಸಿಕೊಂಡ ಈ ಕೋಣೆಗಿಂತ ಬಹಳ ಚಿಕ್ಕದು. ಎಂಟು ಘನ ಮೀಟರ್ ಗಾಳಿ ಇರುವ ಕಡೆ ಇದೇ ಮೂವರು ಎಪ್ಪತ್ತು ನಿಮಿಷಗಳಲ್ಲಿ ಶೇಕಡಾ 1ನ್ನು ಮುಟ್ಟಿಸುತ್ತಾರೆ. ಗಾಳಿಯನ್ನು ಶುದ್ಧಪಡಿಸುವ ಯಂತ್ರ ಒಂದು ರಾತ್ರಿ ಕೆಟ್ಟು ನಿಂತಿತೆಂದರೆ ಬೆಳಗಾಗುವುದನ್ನು ನೋಡುವವರು ಇರುವುದಿಲ್ಲ.

ಆದುದರಿಂದಲೇ ಮನುಷ್ಯರನ್ನು ಮೇಲಕ್ಕೆ ಕಳುಹಿಸುವ ಮುನ್ನ ನೆಲದ ಮೇಲೆಯೇ ಮುಚ್ಚಿದ ಕೋಷ್ಠಗಳಲ್ಲಿ ಇರಿಸಿ ನೋಡಬೇಕಾಗುತ್ತದೆ.

ಅಂತರಿಕ್ಷವನ್ನು ನೆಲದ ಮೇಲೆ ಅನುಕರಿಸುವ ಕೋಷ್ಠಗಳು ಬೆಂಗಳೂರಿಗೆ ಹೊಸವಲ್ಲ. ವಿಮಾನಪುರದಲ್ಲಿರುವ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ 9 ಮೀಟರ್ ವ್ಯಾಸದ ಬೃಹತ್ ಕೋಷ್ಠವಿದೆ. ಅದರೊಳಗಿನ ಗಾಳಿಯನ್ನೆಲ್ಲ ಪಂಪುಗಳು ಹೊರದೂಡುತ್ತವೆ. ಒಳಗೋಡೆಗಳಲ್ಲಿ ದ್ರವ ಸಾರಜನಕ ಹರಿದು ಅಂತರಿಕ್ಷದ ಕೊರೆಯುವ ಚಳಿಯನ್ನು ತರುತ್ತದೆ. ಪ್ರಚಂಡ ದೀಪಗಳು ಸೂರ್ಯನ ಪಾತ್ರವನ್ನು ವಹಿಸುತ್ತವೆ. ಅಲ್ಲಿ ನರಳಿ ಗಟ್ಟಿಯೆನಿಸಿಕೊಂಡ ಉಪಗ್ರಹಗಳೇ ಮೇಲಕ್ಕೆ ಹೋಗುವುದು. ಆದರೆ ಉಪಗ್ರಹಕ್ಕೆ ಉಸಿರಿಲ್ಲ. ಅದಕ್ಕೆ ನಿರ್ವಾತವನ್ನು ಒದಗಿಸಿದರೆ ಸಾಕು. ಒಳಗೆ ಮನುಷ್ಯನಿದ್ದರೆ ಒಂದರೊಳಗೊಂದು ಎರಡು ಲೋಕಗಳು ಬೇಕು. ಹೊರಗಡೆ ಗಾಳಿಯೇ ಇಲ್ಲದ ಲೋಕ, ಒಳಗಡೆ ಸಂಕೇಶ್ವರದ ಬೆಳಗಿನಂತಹ ಲೋಕ. ಎರಡರ ನಡುವೆ ಇರುವುದು ಒಂದು ಲೋಹದ ಹೊದಿಕೆ ಮಾತ್ರ.

ಮನುಷ್ಯನ ಕಡೆಯ ಪರೀಕ್ಷೆಗಳಿಗೆ ಬೆಂಗಳೂರಿನಲ್ಲಿ ಬೇರೊಂದು ಹಳೆಯ ಮನೆಯುಂಟು. 1957ರಲ್ಲಿ ವಾಯುಪಡೆಯು ಆರಂಭಿಸಿದ ವೈಮಾನಿಕ ವೈದ್ಯಶಾಲೆಯೇ ಇಂದಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆ. 1984ರಲ್ಲಿ ಸೋಯುಜ್ ಟಿ-11 ನೌಕೆಯನ್ನೇರಿದ ರಾಕೇಶ್ ಶರ್ಮಾ ಅವರ ಆಯ್ಕೆಯ ಪರೀಕ್ಷೆಗಳು ಇಲ್ಲಿಯೇ ನಡೆದವು. 2025ರ ಜೂನ್ 25ರಂದು ಹೊರಟು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ಇದ್ದು ಬಂದ ಶುಭಾಂಶು ಶುಕ್ಲಾ ಅವರೂ, ಗಗನಯಾನಕ್ಕೆಂದು ಆಯ್ಕೆಯಾದ ಇತರ ಮೂವರೂ ಇದೇ ಬಾಗಿಲನ್ನು ದಾಟಿದವರು. ಇಲ್ಲಿ ವಿಮಾನಚಾಲಕರನ್ನು ಕೂಡಿಸುವ ಕೋಷ್ಠದಿಂದ ಗಾಳಿಯನ್ನು ಕ್ರಮಕ್ರಮವಾಗಿ ಎಳೆದುಬಿಡುತ್ತಾರೆ. ನೆಲ ಬಿಡದೆಯೇ ಕೋಷ್ಠವು ಮೇಲೇರಿದಂತಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಸೂಕ್ಷ್ಮವೊಂದನ್ನು ಗಮನಿಸಬೇಕು. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21 ಎಂದು ನಮ್ಮ ಪಠ್ಯಪುಸ್ತಕಗಳು ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಒತ್ತಡದ ಮಾತನ್ನೇ ಎತ್ತುವುದಿಲ್ಲ. ಇದು ನಮಗೆ ಹಿಡಿಸದ ಸಂಗತಿ. ಪುಪ್ಪುಸಕ್ಕೆ ಶೇಕಡಾವಾರು ಲೆಕ್ಕ ತಿಳಿಯದು. ಆಮ್ಲಜನಕದ ಪಾಲಿಗೆ ಬಂದ ಒತ್ತಡವೊಂದೇ ಅದಕ್ಕೆ ತಿಳಿಯುವುದು. ಡಾಲ್ಟನ್ನನ ನಿಯಮದಂತೆ, ಸಮುದ್ರಮಟ್ಟದ 760 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಆಮ್ಲಜನಕದ ಪಾಲು 160. ಆರುನೂರು ಮೀಟರಿಗೂ ಸ್ವಲ್ಪ ಮೇಲಿರುವ ನಮ್ಮ ಸಂಕೇಶ್ವರದಲ್ಲಿ ಒಟ್ಟು ಒತ್ತಡ ಸುಮಾರು 700, ಆಮ್ಲಜನಕದ ಪಾಲು 147. ಲೇಹ್ ಪಟ್ಟಣದಲ್ಲಿ ಅದು ನೂರರ ಆಸುಪಾಸು. ಮೂರು ಕಡೆಯೂ ಶೇಕಡಾ 21ರಲ್ಲಿ ವ್ಯತ್ಯಾಸವಿಲ್ಲ! ವಾಯುಭಾರವು 7,600 ಮೀಟರ್ ಎತ್ತರಕ್ಕೆ ಸಮನಾಗುವಂತೆ ಕೋಷ್ಠದ ಗಾಳಿಯನ್ನು ತೆಳುವಾಗಿಸಿದರೆ ಆಮ್ಲಜನಕದ ಪಾಲು 60ಕ್ಕೆ ಇಳಿಯುತ್ತದೆ. ಆಗ ಮುಖವಾಡ ತೆಗೆದ ಚಾಲಕನಿಗೆ ಬುದ್ಧಿ ನೆಟ್ಟಗಿರುವುದು ಮೂರರಿಂದ ಐದು ನಿಮಿಷ. ಇಂತಹ ತರಬೇತಿಯಲ್ಲಿ ಕೈಗೆ ಕಾಗದ ಕೊಟ್ಟು ಸುಲಭವಾದ ಕೂಡುವ ಕಳೆಯುವ ಲೆಕ್ಕಗಳನ್ನು ಬರೆಸುವ ರೂಢಿಯಿದೆ. ಕೆಲವೇ ನಿಮಿಷಗಳಲ್ಲಿ ಅಕ್ಷರಗಳು ಸೊಟ್ಟಗಾಗಿ ಸಾಲು ಜಾರುತ್ತದೆ. ಬರೆಯುವವನಿಗೆ ಮಾತ್ರ ತಾನು ಬಹಳ ಚೆನ್ನಾಗಿದ್ದೇನೆ ಎಂಬ ಹುರುಪು. ಹಗೇವಿಗಿಳಿದ ಅಣ್ಣನು ಕೂಗಲಿಲ್ಲವೇಕೆ ಎಂಬ ಪ್ರಶ್ನೆ ನಮ್ಮನ್ನು ಬಹಳ ವರ್ಷ ಕಾಡಿದ್ದಿತು. ಈ ಕಾಗದಗಳ ವಿಷಯವನ್ನು ಓದಿದಾಗ ಅದಕ್ಕೆ ಉತ್ತರ ದೊರೆಯಿತು. ಆಮ್ಲಜನಕ ತೀರಿದ ಗಾಳಿ ಕೂಗುವ ಬುದ್ಧಿಯನ್ನೇ ಮೊದಲು ಕಸಿದುಕೊಳ್ಳುತ್ತದೆ.

ಕೊರತೆಯ ಮಾತು ಹೀಗಾಯಿತು. ಹೆಚ್ಚಾದರೇನು? ಒಳಗೆ ಅಪ್ಪಟ ಆಮ್ಲಜನಕವನ್ನೇ ತುಂಬಿಬಿಟ್ಟರೆ ಚಿಂತೆ ತೀರಿತಲ್ಲ ಎಂದು ತೋರಬಹುದು. ಅಮೆರಿಕದವರು ತಮ್ಮ ಮೊದಲ ನೌಕೆಗಳಲ್ಲಿ ಹಾಗೆಯೇ ಮಾಡಿದರು. ಹಾರಾಟದಲ್ಲಿ ಒತ್ತಡವನ್ನು ವಾಯುಭಾರದ ಮೂರರಲ್ಲಿ ಒಂದು ಪಾಲಿಗೆ, ಅಂದರೆ ಸುಮಾರು 258 ಮಿಲಿಮೀಟರಿಗೆ ಇಳಿಸಿ, ಆಮ್ಲಜನಕವೊಂದನ್ನೇ ಇರಿಸಿದರೆ ಉಸಿರಾಟಕ್ಕೆ ಅಡ್ಡಿಯಿಲ್ಲ. ಒತ್ತಡ ಕಡಮೆಯಾದಷ್ಟೂ ನೌಕೆಯ ಗೋಡೆ ತೆಳುವಾಗಿ ಹಗುರವಾಗಿರಬಹುದು. ಯುಕ್ತಿಯೇನೋ ಚೆನ್ನಾಗಿದೆ. ಆದರೆ ನೆಲದ ಮೇಲಿನ ಪರೀಕ್ಷೆಯಲ್ಲಿ ಹೊರಗಿನ ವಾಯುಭಾರ ಒಳಗಿನದಕ್ಕಿಂತ ಹೆಚ್ಚಾದರೆ ಹೊರಗಾಳಿ ಒಳನುಗ್ಗೀತು, ಗೋಡೆ ಒಳಕ್ಕೆ ಬಾಗೀತು. ಹಾಗಾಗದಂತೆ 1967ರ ಜನವರಿ 27ರಂದು ಅಪೋಲೋ ನೌಕೆಯಲ್ಲಿ ವಾಯುಭಾರಕ್ಕಿಂತಲೂ ಹೆಚ್ಚಿನ ಒತ್ತಡದಲ್ಲಿ ಅಪ್ಪಟ ಆಮ್ಲಜನಕವನ್ನು ತುಂಬಿ ಮೂವರನ್ನು ಕೂಡಿಸಿದ್ದರು. ತಂತಿಗಳ ನಡುವೆ ಎಲ್ಲಿಯೋ ಒಂದು ಕಿಡಿ. ಗ್ರಿಸಮ್, ವೈಟ್, ಚಾಫೀ ಮೂವರೂ ಹೊರಬರಲಿಲ್ಲ. ಬಾಗಿಲು ಒಳಕ್ಕೆ ತೆರೆಯುವಂತಹುದು. ಬೆಂಕಿಯಿಂದ ಏರಿದ ಒತ್ತಡವೇ ಅದನ್ನು ಒತ್ತಿ ಹಿಡಿದಿದ್ದಿತು.

ಇದಕ್ಕೂ ಆರು ವರ್ಷ ಹಿಂದೆ, 1961ರ ಮಾರ್ಚ್ 23ರಂದು, ಮಾಸ್ಕೋದಲ್ಲಿ ವಾಲೆಂಟಿನ್ ಬೊಂಡರೆಂಕೊ ಎಂಬ ಇಪ್ಪತ್ತನಾಲ್ಕರ ತರುಣನು ಏಕಾಂತ ಕೋಷ್ಠದಲ್ಲಿ ಹಲವು ದಿನಗಳನ್ನು ಕಳೆದು ಹೊರಬರುವುದರಲ್ಲಿದ್ದನು. ಕೋಷ್ಠದಲ್ಲಿ ಆಮ್ಲಜನಕದ ಪ್ರಮಾಣವನ್ನು ಹೆಚ್ಚಿಸಿದ್ದರು. ಮೈಗೆ ಅಂಟಿಸಿದ್ದ ಉಪಕರಣಗಳ ಗುರುತನ್ನು ಒರೆಸಿಕೊಂಡ ಮದ್ಯಸಾರದ ಹತ್ತಿಯನ್ನು ಅವನು ಅಲಕ್ಷ್ಯದಿಂದ ಎಸೆದನು. ಅದು ಬಿಸಿಯಾಗಿದ್ದ ವಿದ್ಯುದೊಲೆಯ ಮೇಲೆ ಬಿದ್ದಿತು. ನಮ್ಮ ಮನೆಯಲ್ಲಾಗಿದ್ದರೆ ಕಾಲಿನಿಂದ ಹೊಸಕಿ ಆರಿಸಬಹುದಾಗಿದ್ದ ಬೆಂಕಿ ಅಲ್ಲಿ ಕ್ಷಣದಲ್ಲಿ ಉಡುಪನ್ನೇ ಆವರಿಸಿತು. ಕೆಲವು ಗಂಟೆಗಳಲ್ಲಿ ಅವನು ತೀರಿಕೊಂಡನು. ಸೋವಿಯತ್ ಸರ್ಕಾರ ಈ ಸುದ್ದಿಯನ್ನು ಇಪ್ಪತ್ತೈದು ವರ್ಷ ಬಚ್ಚಿಟ್ಟಿತು. ಬಚ್ಚಿಡದಿದ್ದರೆ ಅಪೋಲೋದ ಮೂವರು ಉಳಿಯುತ್ತಿದ್ದರೆ ಎಂದು ಕೇಳುವವರುಂಟು. ಆಮ್ಲಜನಕದಲ್ಲಿ ಬೆಂಕಿ ಹೇಗೆ ವರ್ತಿಸುತ್ತದೆಂಬುದು ಅಮೆರಿಕದವರಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲವಾಗಿ ನಮಗೆ ಅದರಲ್ಲಿ ನಂಬಿಕೆಯಿಲ್ಲ. ತಿಳಿದಿದ್ದರೂ ಅಭ್ಯಾಸಬಲದಿಂದ ನಡೆದುಹೋಗುವ ತಪ್ಪುಗಳೇ ಹೆಚ್ಚು. ಮುತ್ಯಾನ ಕಂದೀಲನ್ನು ಆ ಕೋಷ್ಠದೊಳಗೆ ಇಟ್ಟಿದ್ದರೆ ಅದು ಎಂದಿಲ್ಲದ ಪ್ರಭೆಯಿಂದ ಉರಿಯುತ್ತಿದ್ದಿತು!

ಈ ದುರಂತಗಳ ಬಳಿಕ ನೆಲದ ಮೇಲಿನ ಕ್ರಮ ಬದಲಾಯಿತು. ಅಪೋಲೋ ಏರುವಾಗ ಕೋಣೆಯಲ್ಲಿ ಶೇಕಡಾ 60 ಆಮ್ಲಜನಕ, 40 ಸಾರಜನಕ ಇರುವಂತೆ ಮಾಡಿದರು. 1968ರ ಜೂನ್ ತಿಂಗಳಲ್ಲಿ ಕರ್ವಿನ್, ಬ್ರಾಂಡ್, ಎಂಗಲ್ ಎಂಬ ಮೂವರು ಹ್ಯೂಸ್ಟನ್ನಿನ ಬೃಹತ್ ನಿರ್ವಾತ ಕೋಷ್ಠದೊಳಗೆ ನಿಲ್ಲಿಸಿದ್ದ ಅಪೋಲೋ ನೌಕೆಯಲ್ಲಿ ಒಂದು ವಾರಕ್ಕೂ ಮಿಕ್ಕಿ ವಾಸಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಪೋಲೋ ಮೊದಲ ಬಾರಿಗೆ ಮನುಷ್ಯರನ್ನು ಹೊತ್ತು ಹಾರಿತು. ರಷ್ಯನರಾದರೋ ವೊಸ್ತೊಕ್ ಕಾಲದಿಂದಲೂ ನಾವು ಉಸಿರಾಡುವ ಗಾಳಿಯನ್ನೇ ಹೋಲುವ ಮಿಶ್ರಣವನ್ನು ನೌಕೆಯಲ್ಲಿ ಬಳಸುತ್ತ ಬಂದರು. ಗಗನಯಾನದಲ್ಲಿಯೂ ಭೂಮಿಯ ಮೇಲಿನಂತಹ ಗಾಳಿಯನ್ನೇ ಇರಿಸಲು ಇಸ್ರೋ ನಿಶ್ಚಯಿಸಿದೆ. ನಮ್ಮ ದೃಷ್ಟಿಯಲ್ಲಿ ಅದೇ ಸರಿಯಾದ ದಾರಿ. ಆದರೆ ದಾರಿ ಕಠಿನವಾದುದು. ಒಂದೇ ವಾಯುವಿದ್ದಲ್ಲಿ ಒತ್ತಡಮಾಪಕವೊಂದೇ ಸಾಕು. ಎರಡಿದ್ದಲ್ಲಿ ಒಟ್ಟು ಒತ್ತಡವನ್ನೂ ಆಮ್ಲಜನಕದ ಪಾಲನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಒಟ್ಟು ಒತ್ತಡ ಇಳಿದು ಆಮ್ಲಜನಕದ ಪಾಲು ಸರಿಯಿದ್ದರೆ ಸಾರಜನಕವನ್ನು ಬಿಡಬೇಕು. ಪಾಲೇ ಇಳಿದಿದ್ದರೆ ಆಮ್ಲಜನಕವನ್ನು ಬಿಡಬೇಕು. ಮಾಪಕವು ಸುಳ್ಳು ಹೇಳಿದರೆ ಯಂತ್ರವು ವಿಧೇಯತೆಯಿಂದಲೇ ಒಳಗಿರುವವರನ್ನು ಕೊಲ್ಲುತ್ತದೆ. ಅದಕ್ಕಾಗಿ ಒಂದೇ ಅಳತೆಗೆ ಹಲವು ಮಾಪಕಗಳನ್ನು ಇಟ್ಟು, ಒಂದರ ಮಾತನ್ನು ಇತರವುಗಳ ಮಾತಿನೊಡನೆ ತಾಳೆ ನೋಡುವುದು ವಾಡಿಕೆ.

ಇಂಗಾಲಾಮ್ಲವನ್ನು ತೆಗೆಯುವ ಬಗೆ ಹೈಸ್ಕೂಲಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದಿರುವಂತಹುದೇ. ಸುಣ್ಣದ ತಿಳಿನೀರಿನಲ್ಲಿ ಕೊಳವೆಯಿಂದ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದಷ್ಟೆ. ಕ್ಷಾರವು ಇಂಗಾಲಾಮ್ಲವನ್ನು ಹಿಡಿದುಕೊಳ್ಳುತ್ತದೆ. ನೌಕೆಗಳಲ್ಲಿ ಸುಣ್ಣದ ಬದಲು ಲಿಥಿಯಮ್ ಹೈಡ್ರಾಕ್ಸೈಡನ್ನು ಡಬ್ಬಿಗಳಲ್ಲಿ ತುಂಬಿ, ಪಂಖದಿಂದ ಅದರ ಮೂಲಕ ಗಾಳಿಯನ್ನು ಹಾಯಿಸುತ್ತಾರೆ. ಲಿಥಿಯಮ್ಮೇ ಏಕೆ? ಅಣುತೂಕಗಳನ್ನು ನೋಡಿದರೆ ತಿಳಿಯುತ್ತದೆ. 44 ಗ್ರಾಂ ಇಂಗಾಲಾಮ್ಲವನ್ನು ಹಿಡಿಯಲು 48 ಗ್ರಾಂ ಲಿಥಿಯಮ್ ಹೈಡ್ರಾಕ್ಸೈಡ್ ಸಾಕು. ಸೋಡಿಯಮ್ ಹೈಡ್ರಾಕ್ಸೈಡಾದರೆ 80 ಗ್ರಾಂ ಬೇಕು. ಮೂವರಿಗೆ ಮೂರು ದಿನಕ್ಕೆ 9 ಕಿಲೋಗ್ರಾಂ ಇಂಗಾಲಾಮ್ಲವೆಂದರೆ ಮೊದಲನೆಯದು ಲೆಕ್ಕದಲ್ಲಿ ಸುಮಾರು 10 ಕಿಲೋ, ಎರಡನೆಯದು 16 ಕಿಲೋಗೂ ಹೆಚ್ಚು. ವ್ಯವಹಾರದಲ್ಲಿ ಡಬ್ಬಿಯೊಳಗಿನ ಪ್ರತಿ ಕಣವೂ ಕೆಲಸಕ್ಕೆ ಬರುವುದಿಲ್ಲವಾದ್ದರಿಂದ ಇನ್ನೂ ಹೆಚ್ಚನ್ನೇ ಒಯ್ಯಬೇಕು. ಸೋಯುಜ್ ನೌಕೆಯವರ ಉಪಾಯ ಇನ್ನೂ ಸೊಗಸಾದುದು. ಪೊಟ್ಯಾಸಿಯಮ್ ಸೂಪರಾಕ್ಸೈಡ್ ಉಸಿರಿನ ತೇವವನ್ನು ಹೀರಿ ಆಮ್ಲಜನಕವನ್ನು ಬಿಡುತ್ತದೆ. ಆಗ ಉಂಟಾದ ಕ್ಷಾರವು ಇಂಗಾಲಾಮ್ಲವನ್ನು ಹಿಡಿಯುತ್ತದೆ. ಒಂದೇ ಡಬ್ಬಿಯಿಂದ ಎರಡು ಕೆಲಸ.

ಬಹುದಿನಗಳ ವಾಸಕ್ಕೆ ಈ ಡಬ್ಬಿಗಳು ಸಾಲವು. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ನೀರನ್ನು ವಿದ್ಯುತ್ತಿನಿಂದ ಒಡೆದು ಆಮ್ಲಜನಕವನ್ನು ಪಡೆಯುತ್ತಾರೆ; ಇಂಗಾಲಾಮ್ಲವನ್ನು ಜಿಯೋಲೈಟ್ ಎಂಬ ರಂಧ್ರಮಯ ಖನಿಜದ ಹಾಸುಗಳು ಹಿಡಿದು, ಬಿಸಿಯಾದಾಗ ಬಿಟ್ಟುಕೊಡುತ್ತವೆ. ಈ ಜಿಯೋಲೈಟಿನ ಜಾತಿಯೊಂದು ನಮ್ಮ ವಾಚಕರಿಗೆ ಪರೋಕ್ಷವಾಗಿ ಪರಿಚಿತವೇ. ಬೆಂಗಳೂರಿನ ರಕ್ಷಣಾ ಜೈವಿಕ ಅಭಿಯಾಂತ್ರಿಕ ಪ್ರಯೋಗಾಲಯ (ಡೆಬೆಲ್) ತೇಜಸ್ ಯುದ್ಧವಿಮಾನದ ಚಾಲಕನಿಗೆಂದು ರೂಪಿಸಿದ ಉಪಕರಣದಲ್ಲಿ ಗಾಳಿಯನ್ನು ಒತ್ತಡದಿಂದ ಜಿಯೋಲೈಟಿನ ಮೂಲಕ ಹಾಯಿಸಿದರೆ ಅದು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊರಬರುವುದು ಬಹುತೇಕ ಆಮ್ಲಜನಕ. 2021ರ ಬೇಸಗೆಯಲ್ಲಿ ಕೋವಿಡ್ ರೋಗಿಗಳಿಗೆ ಉಸಿರು ಸಿಗದೆ ಊರೂರೂ ಸಿಲಿಂಡರಿಗಾಗಿ ಪರದಾಡಿದ ದಿನಗಳಲ್ಲಿ ಆಸ್ಪತ್ರೆಗಳ ಅಂಗಳಗಳಲ್ಲಿ ನೂರಾರು ಆಮ್ಲಜನಕ ಸ್ಥಾವರಗಳನ್ನು ನಿಲ್ಲಿಸಿದುದು ಇದೇ ತಂತ್ರದಿಂದ. ಆಕಾಶಕ್ಕೆಂದು ಹುಟ್ಟಿದ ವಿದ್ಯೆ ನೆಲದ ಮೇಲೆ ಮಲಗಿದ್ದವರ ಉಸಿರಾಯಿತು.

ಆಮ್ಲಜನಕ, ಇಂಗಾಲಾಮ್ಲ ಎರಡೂ ಹದದಲ್ಲಿದ್ದರೆ ಕೋಷ್ಠದ ಗಾಳಿ ಸರಿಯಾಯಿತೆ? ಇಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದು ಈ ಪಾಠವನ್ನು ಕಲಿಸಿತು. ಮೂವತ್ತು ದಿನ ಇರಬೇಕೆಂದು ಮುಚ್ಚಿದ ಕೋಷ್ಠವನ್ನು ಹೊಕ್ಕವರು ನಾಲ್ಕೈದು ದಿನಗಳಲ್ಲಿಯೇ ಕಾಯಿಲೆ ಬಿದ್ದು ಹೊರಬರಬೇಕಾಯಿತು. ಅಳತೆಯ ಮುಳ್ಳುಗಳೆಲ್ಲ ಸರಿಯಾಗಿಯೇ ಇದ್ದವು. ಪತ್ತೇದಾರಿ ಕಥೆಯಂತೆ ಹುಡುಕಿದಾಗ ಹೊರಬಿದ್ದ ಸತ್ಯವಿಷ್ಟು: ಉಪಕರಣಗಳ ಜಿಡ್ಡನ್ನು ತೊಳೆಯಲು ಬಳಸಿದ್ದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕದ ಅಲ್ಪಾಂಶ ಒಳಗೆ ಉಳಿದಿದ್ದಿತು. ಅದರ ಆವಿಯು ಇಂಗಾಲಾಮ್ಲವನ್ನು ಹಿಡಿಯಲು ಇರಿಸಿದ್ದ ಕ್ಷಾರದ ಮೂಲಕ ಹಾಯ್ದಾಗ ಡೈಕ್ಲೋರೋಅಸಿಟಿಲೀನ್ ಎಂಬ ಘೋರ ವಿಷವಾಗಿ ಮಾರ್ಪಟ್ಟಿದ್ದಿತು. ಗಾಳಿಯನ್ನು ಶುದ್ಧಗೊಳಿಸಬೇಕಾದ ಡಬ್ಬಿಯೇ ವಿಷವನ್ನು ತಯಾರಿಸುತ್ತಿದ್ದಿತು! ಪ್ರತ್ಯೇಕವಾಗಿ ನಿರಪಾಯವೆಂದು ಸಾಬೀತಾದ ಎರಡು ವಸ್ತುಗಳು ಒಂದೇ ಕೋಣೆಯಲ್ಲಿ ಸೇರಿದಾಗ ಏನಾಗುವುದೆಂಬುದನ್ನು ಯಾವ ಮೇಜಿನ ಲೆಕ್ಕವೂ ಮುಂಚಿತವಾಗಿ ಹೇಳಿರಲಿಲ್ಲ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಕೋಷ್ಠದಲ್ಲಿ ಮನುಷ್ಯರನ್ನು ಕೂಡಿಸಿ ದಿನಗಟ್ಟಲೆ ನೋಡಿದ ಹೊರತು ಇಂತಹವು ಬಯಲಿಗೆ ಬರುವುದಿಲ್ಲ. ಅಂದಿನಿಂದ ಒಳಕ್ಕೆ ಹೋಗುವ ಬಣ್ಣ, ಅಂಟು, ತಂತಿಯ ಹೊದಿಕೆ, ಬಟ್ಟೆ, ಎಲ್ಲವೂ ಏನೇನು ಆವಿ ಬಿಡುತ್ತವೆಂದು ಮೊದಲೇ ಪರೀಕ್ಷಿಸುತ್ತಾರೆ. ಮನುಷ್ಯನ ಮೈಯಿಂದ ಹೊರಡುವ ಅಮೋನಿಯ ಮುಂತಾದವನ್ನು ಹೀರಲು ಕ್ರಿಯಾಶೀಲ ಇದ್ದಿಲನ್ನು ಇಡುತ್ತಾರೆ. ಇದ್ದಿಲಿಗೆ ಬಗ್ಗದ ಇಂಗಾಲದ ಮಾನಾಕ್ಸೈಡನ್ನು ಕ್ರಿಯಾವರ್ಧಕದ ಮೇಲೆ ಹಾಯಿಸಿ ಸುಟ್ಟುಬಿಡುತ್ತಾರೆ. ಮುತ್ಯಾನ ಕಂದೀಲಿಗೆ ಈ ವಿಷಗಳ ಸುಳಿವೇ ಹತ್ತುತ್ತಿರಲಿಲ್ಲ.

ಹಸಿರು ಗಿಡಗಳಿಂದಲೇ ಗಾಳಿಯನ್ನು ಸರಿಪಡಿಸಬಾರದೆ ಎಂದು ರೈತರ ಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಕೇಳುವುದುಂಟು. 1995ರಲ್ಲಿ ಹ್ಯೂಸ್ಟನ್ನಿನಲ್ಲಿ ಒಬ್ಬರು ಹದಿನೈದು ದಿನ ಮುಚ್ಚಿದ ಕೋಷ್ಠದಲ್ಲಿದ್ದು, ಪಕ್ಕದ ಕೋಣೆಯಲ್ಲಿ ಪ್ರಖರ ದೀಪಗಳಡಿ ಬೆಳೆದ ಗೋಧಿಯಿಂದ ಉಸಿರನ್ನು ಪಡೆದರು. ಗೋಧಿಯ ಮಡಿ 11 ಚದರ ಮೀಟರು, ಅಂದರೆ ನಮ್ಮ ಗುಂಟೆಯ ಒಂಬತ್ತನೆಯ ಒಂದು ಪಾಲು. ಅಷ್ಟರಿಂದಲೇ ಒಬ್ಬರ ಉಸಿರು ನಡೆಯಿತು. ಆದರೆ 1991ರಲ್ಲಿ ಅರಿಜೋನಾದಲ್ಲಿ ಎಂಟು ಮಂದಿಯನ್ನು ತೋಟ, ಕಾಡು, ಕೊಳಗಳ ಸಮೇತ ಬೃಹತ್ ಗಾಜಿನ ಮನೆಯಲ್ಲಿ ಮುಚ್ಚಿದಾಗ ಕಥೆ ಬೇರೆಯಾಯಿತು. ಬಯೋಸ್ಫಿಯರ್ 2 ಎಂಬ ಆ ಮನೆಯಲ್ಲಿ ಆಮ್ಲಜನಕವು ಹದಿನಾರು ತಿಂಗಳಲ್ಲಿ ಶೇಕಡಾ 21ರಿಂದ 14ರ ಹತ್ತಿರಕ್ಕೆ ಇಳಿಯಿತು. ಒಳಗಿದ್ದವರು ಮೆಟ್ಟಿಲೇರಲೂ ಬಳಲಿದರು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕವನ್ನು ತುಂಬಬೇಕಾಯಿತು. ಫಲವತ್ತಾದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದಿದ್ದವು. ಅಷ್ಟೇ ಆಗಿದ್ದರೆ ಇಂಗಾಲಾಮ್ಲ ಏರಬೇಕಾಗಿತ್ತಲ್ಲ? ಅದು ನಿರೀಕ್ಷಿಸಿದಷ್ಟು ಏರಲಿಲ್ಲ. ಗೋಡೆಗಳ ಕಾಂಕ್ರೀಟಿನಲ್ಲಿದ್ದ ಸುಣ್ಣ ಅದನ್ನು ಸದ್ದಿಲ್ಲದೆ ಹೀರಿಬಿಟ್ಟಿದ್ದಿತು. ಸುಣ್ಣದ ತಿಳಿನೀರಿನ ಪ್ರಯೋಗವೇ, ಗೋಡೆಯಷ್ಟು ದೊಡ್ಡದಾಗಿ! ಹಗೇವಿನ ಜೋಳದಂತೆ ಇಲ್ಲಿ ಮಣ್ಣೂ ಉಸಿರಾಡಿತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದೇ ತಪ್ಪಾಯಿತು.

ಕೋಷ್ಠದ ಹೊರಗೋಡೆಯ ಅಪಾಯವನ್ನು ನಾವಿನ್ನೂ ಹೇಳಿಲ್ಲ. 1966ರ ಡಿಸೆಂಬರಿನಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಷ್ಠದಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರು ಅಂತರಿಕ್ಷದ ಉಡುಪನ್ನು ತೊಟ್ಟು ನಿಂತಿದ್ದಾಗ, ಉಡುಪಿಗೆ ಗಾಳಿ ತರುವ ಕೊಳವೆ ಕಳಚಿಕೊಂಡಿತು. ಹದಿನಾಲ್ಕು ಸೆಕೆಂಡುಗಳಲ್ಲಿ ಎಚ್ಚರ ತಪ್ಪಿತು. ನಾಲಗೆಯ ಮೇಲಿನ ಜೊಲ್ಲು ಕುದಿಯತೊಡಗಿದುದೇ ತಮ್ಮ ಕೊನೆಯ ನೆನಪೆಂದು ಅವರು ಅನಂತರ ಹೇಳಿದರು. ಒತ್ತಡ 47 ಮಿಲಿಮೀಟರಿಗಿಂತ ಕೆಳಗಿಳಿದರೆ ನೀರು ನಮ್ಮ ಮೈಯ ಶಾಖದಲ್ಲಿಯೇ ಕುದಿಯುತ್ತದೆಂಬ ಪಾಠದ ಮಾತಿಗೆ ಇದಕ್ಕಿಂತ ಭಯಂಕರವಾದ ಉದಾಹರಣೆ ಬೇಡ. ಕೋಷ್ಠಕ್ಕೆ ಮತ್ತೆ ಗಾಳಿ ತುಂಬಲು ಸಾಮಾನ್ಯವಾಗಿ ಅರ್ಧ ಗಂಟೆ ಹಿಡಿಯುತ್ತಿದ್ದಿತು. ಅಂದು ಒಂದೂವರೆ ನಿಮಿಷದೊಳಗೆ ತುಂಬಿದರು. ಅವರು ಬದುಕಿದರು. ಅಷ್ಟು ವೇಗವಾಗಿ ಗಾಳಿ ತುಂಬುವ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟವರಿಗೆ ಅದರ ಯಶಸ್ಸು ಸಲ್ಲಬೇಕು. ಹಗೇವಿಗಿಳಿದ ತಮ್ಮನ ಹಿಂದೆ ಅಂತಹ ವ್ಯವಸ್ಥೆ ಇರಲಿಲ್ಲ. ಸೊಂಟಕ್ಕೆ ಹಗ್ಗವೂ ಇರಲಿಲ್ಲ.

ನಮ್ಮ ಗಗನಯಾನದ ಕಡೆಗೆ ಮರಳೋಣ. 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟೆಯಿಂದ ಹಾರಿಸಿದ ಪರೀಕ್ಷಾ ನೌಕೆಯಲ್ಲಿ ಒತ್ತಡವನ್ನು ಕಾಯ್ದಿರಿಸಿದ ಕೋಣೆ ಇರಲಿಲ್ಲ. ಅಂದು ನೋಡಬೇಕಾಗಿದ್ದುದು ಅಪಾಯದಲ್ಲಿ ಪಾರಾಗುವ ವ್ಯವಸ್ಥೆಯನ್ನು ಮಾತ್ರ. ಮನುಷ್ಯರಿಲ್ಲದ ಹಾರಾಟಗಳಿಗೆಂದು ರೂಪಿಸಿದ, 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮೊದಲು ಪ್ರದರ್ಶಿಸಿದ ವ್ಯೋಮಮಿತ್ರಾ ಎಂಬ ಯಂತ್ರಸ್ತ್ರೀ ಮಾತನಾಡಬಲ್ಲಳು, ಆದರೆ ಉಸಿರಾಡಲಾರಳು. ಉಸಿರಿಲ್ಲದವರ ಮುಂದೆ ಉಸಿರಿನ ಯಂತ್ರಕ್ಕೆ ಏನು ಕೆಲಸ? ಇದಕ್ಕಾಗಿ ಇಂತಹ ಪರೀಕ್ಷೆಗಳಲ್ಲಿ ಮನುಷ್ಯರನ್ನು ಕೂಡಿಸುವ ಮೊದಲು, ಮೂವರು ಬಿಡುವಷ್ಟೇ ಇಂಗಾಲಾಮ್ಲವನ್ನೂ ತೇವವನ್ನೂ, ಒಬ್ಬೊಬ್ಬರಿಗೆ ಸುಮಾರು ನೂರು ವ್ಯಾಟಿನಂತೆ ಶಾಖವನ್ನೂ ಕೋಷ್ಠದೊಳಗೆ ಬಿಡುವ ಉಪಕರಣಗಳನ್ನು ಇರಿಸುವ ಪದ್ಧತಿಯುಂಟು. ಈ ಕೃತಕ ಉಸಿರನ್ನು ಯಂತ್ರ ತಾಳಿದಮೇಲೆಯೇ ನಿಜವಾದ ಉಸಿರಿನ ಸರದಿ.

ಕೋಷ್ಠ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಒಂದನ್ನು ಮಾತ್ರ ಅನುಕರಿಸಲು ಬರುವುದಿಲ್ಲ. ಅದು ತೂಕವಿಲ್ಲದಿರುವಿಕೆ. ನೆಲದ ಮೇಲೆ ನಮ್ಮ ಬಿಸಿಯುಸಿರು ಹಗುರವಾಗಿ ತಾನಾಗಿಯೇ ಮೇಲೇರುತ್ತದೆ. ಆ ಜಾಗಕ್ಕೆ ತಾಜಾ ಗಾಳಿ ಬರುತ್ತದೆ. ಕಕ್ಷೆಯಲ್ಲಿ ಹಗುರವೂ ಇಲ್ಲ, ಭಾರವೂ ಇಲ್ಲ. ಬಿಟ್ಟ ಉಸಿರು ಮುಖದ ಮುಂದೆಯೇ ನಿಂತುಬಿಡುತ್ತದೆ. ಕಂದೀಲನ್ನು ಹೊತ್ತಿಸಿದರೆ ಅದರ ಜ್ವಾಲೆಯೂ ತುದಿಯಿಲ್ಲದೆ ಗುಂಡಗೆ, ಮಂಕಾಗಿ, ನೀಲಿಯಾಗಿ ಉರಿಯುತ್ತದೆ. ಆದುದರಿಂದ ನೌಕೆಯ ಪಂಖಗಳು ಹಗಲಿರುಳೂ ತಿರುಗುತ್ತಿರಬೇಕು. ಅಂತರಿಕ್ಷ ನಿಲ್ದಾಣದಲ್ಲಿ ಮಲಗುವ ಚೀಲವನ್ನು ಗೋಡೆಗೆ ಕಟ್ಟಿಕೊಳ್ಳುವಾಗ ಗಾಳಿ ಬೀಸುವ ಜಾಗವನ್ನು ನೋಡಿಯೇ ಕಟ್ಟಿಕೊಳ್ಳುತ್ತಾರೆ. ಇಲ್ಲದಿದ್ದರೆ ನಡುರಾತ್ರಿಯಲ್ಲಿ ತಲೆ ಸಿಡಿಯುತ್ತ, ಗಾಳಿಗಾಗಿ ಬಾಯಿ ಬಿಡುತ್ತ ಎಚ್ಚರವಾಗುತ್ತದೆ.